ಯಶವಂತರಾಯರ ಆರು ತಂತಿಗಳು

ಆ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಕುಮುದಾ ಗಿಟಾರಿನ ಪೆಟ್ಟಿಗೆ ತೆರೆದವಳೇ ಕಿಟಾರನೆ ಕಿರುಚಿದಳು. ಮೊಣಕಾಲು ನೋವನ್ನೂ ಮರೆತು ನಾನು ಹಿಂದಿನ ಕೋಣೆಗೆ ಓಡಿದೆ. ಯಶವಂತರಾಯರು ಮೂವತ್ತು ವರ್ಷದಿಂದ ಬಾರಿಸುತ್ತಿದ್ದ ಗಿಟಾರು ಅದು. ಅದರ ಆರೂ ತಂತಿಗಳನ್ನು ಯಾರೋ ನಡುವೆ ಕತ್ತರಿಸಿದ್ದರು.

ನಾನು ಉಪೇಂದ್ರ, ವಿದ್ಯುತ್ ಇಲಾಖೆಯಿಂದ ನಿವೃತ್ತನಾದವನು. ತಾರ್ನಾಕ ಬಡಾವಣೆಯಲ್ಲಿರುವ ನಮ್ಮ ಮನೆಯ ಮಹಡಿಯನ್ನು ಮೈಸೂರಿನ ಹುಡುಗಿ ಕುಮುದಾ ಬಾಡಿಗೆಗೆ ಹಿಡಿದು ಸಂಗೀತ ಶಾಲೆ ನಡೆಸುತ್ತಾಳೆ. ಕೆಳಗೆ ನಾನು, ನನ್ನ ಅಣ್ಣನ ಹೆಂಡತಿ ಗೋದಾಬಾಯಿ. ವೈನಿ, ಅಂದರೆ ಅತ್ತಿಗೆ, ಮೂವತ್ತೈದು ವರ್ಷ ಸರಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು. ಅಣ್ಣ ತೀರಿಕೊಂಡ ಮೇಲೆ ಓಣಿಯಲ್ಲಿ ಏನು ಕಳುವಾದರೂ, ಯಾರ ಸುಳ್ಳು ಬಿಚ್ಚಬೇಕಾದರೂ ಜನ ಅವರ ಬಳಿಗೇ ಬರುತ್ತಾರೆ. ಅದನ್ನು ಬರೆದಿಡುವ ಉಸಾಬರಿ ನನ್ನದು.

ಬ್ಲೂಸ್ ಎಂದರೆ ಅಮೆರಿಕದ ಹತ್ತಿ ಹೊಲಗಳಲ್ಲಿ ದುಡಿದವರ ದುಃಖದ ಹಾಡಂತೆ. ಅದನ್ನು ನಮ್ಮ ಊರಿನಲ್ಲಿ ಯಶವಂತರಾಯರಷ್ಟು ಚೆನ್ನಾಗಿ ಬಾರಿಸುವವರು ಇನ್ನೊಬ್ಬರಿಲ್ಲ ಎಂದು ಕುಮುದಾ ತಿಂಗಳಿಂದ ನನ್ನ ತಲೆ ತಿಂದಿದ್ದಳು. ಹನ್ನೆರಡು ಮಂದಿಗೆ ಎರಡು ದಿನದ ಪಾಠ. ಶನಿವಾರ ವಿವರಣೆ, ಭಾನುವಾರ ರಾಯರು ಸ್ವತಃ ಬಾರಿಸುವುದು, ಅದನ್ನು ಕ್ಯಾಮೆರಾದಲ್ಲಿ ಹಿಡಿಯುವುದು.

ಶನಿವಾರ ನಾನೂ ಹಿಂದೆ ಕುರ್ಚಿ ಹಾಕಿಕೊಂಡು ಕೂತಿದ್ದೆ. ರಾಯರು ಬರುವಾಗಲೇ ಒಂದು ತಮಾಷೆ. ಒಂದು ಚಪ್ಪಲಿ ಮೆಟ್ಟಿಲ ಮೇಲೆ ಕಳಚಿ ಬಿದ್ದಿದೆ, ಇವರು ಒಂದೇ ಚಪ್ಪಲಿಯಲ್ಲಿ ಬಾಗಿಲತನಕ ಬಂದಿದ್ದಾರೆ! ನಾನೇ ಅದನ್ನು ಎತ್ತಿ ತಂದುಕೊಟ್ಟೆ. "ಕಲಾವಿದರ ಲಕ್ಷ್ಯ ಎಲ್ಲಿರ್ತೈತೋ" ಎಂದು ಕೆಳಗೆ ಹೋಗಿ ನಕ್ಕರೆ ವೈನಿ ನಗಲಿಲ್ಲ. ಪಾಠವಿಡೀ ರಾಯರು ಮಾತಾಡಿದರು, ಹಾಡಿ ತೋರಿಸಿದರು, ಆದರೆ ತಂತಿ ಮುಟ್ಟಲಿಲ್ಲ. ಎಲ್ಲವನ್ನೂ ತರುಣನೆಂಬ ತಮ್ಮ ಶಿಷ್ಯನಿಗೇ ಬಾರಿಸಲು ಹೇಳಿದರು. ದೊಡ್ಡವರ ಠೀವಿ ಎಂದುಕೊಂಡೆ. ಸಂಜೆ ಅದೇ ತರುಣನಿಗೆ ಎಲ್ಲರೆದುರು ಬೈದರು: "ಬರೇ ವೇಗ ಐತಿ ನಿನ್ನ ಕೈಯಾಗ! ಎಂಟು ವರ್ಷ ಕಲಿತು ಇಷ್ಟನಾ?" ಹುಡುಗನ ಮುಖ ಸಣ್ಣದಾಯಿತು. ಊರಾಚೆಯ ಪಟಾನ್‌ಚೆರುವಿನ ಔಷಧ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ, ಎರಡು ಬಸ್ಸು ಬದಲಿಸಿ ಪಾಠಕ್ಕೆ ಬರುವವನು ಅವನು. ಮುಂದಿನ ತಿಂಗಳಿಂದ ಕುಮುದಾಳ ಶಾಲೆಯಲ್ಲೇ ಗಿಟಾರು ಮೇಷ್ಟ್ರಾಗುವುದಿತ್ತು. ಅದಕ್ಕಾಗಿ ಕಾರ್ಖಾನೆಗೆ ರಾಜೀನಾಮೆಯನ್ನೂ ಕೊಟ್ಟುಬಿಟ್ಟಿದ್ದ.

ಭಾನುವಾರ ರಾಯರು ಮನೆಯಿಂದ ಆಟೊದಲ್ಲಿ ಗಿಟಾರು ತಂದು ಹಿಂದಿನ ಕೋಣೆಯಲ್ಲಿಟ್ಟು, ಎಲ್ಲರ ನಡುವೆ ಬಂದು ಕೂತರು. ಒಂಬತ್ತೂವರೆಗೆ ತರುಣ ಶ್ರುತಿ ಮಾಡಲು ಆ ಕೋಣೆಗೆ ಹೋದ. ಕಾಲು ಗಂಟೆ ಬಿಟ್ಟು ಹೊರಬಂದವನು ಯಾರ ಜೊತೆಗೂ ಮಾತಾಡದೆ ಮೂಲೆಯಲ್ಲಿ ಕೂತ. ಅವನ ಕಣ್ಣು ಕೆಂಪಾಗಿದ್ದವು. ಬೇರೆ ಯಾರೂ ಆ ಕೋಣೆಗೆ ಹೋಗಿರಲಿಲ್ಲ. ಅವನ ಚೀಲದಲ್ಲಿ ತಂತಿ ಕತ್ತರಿಸುವ ಕಟ್ಟರ್ ಕೂಡ ಸಿಕ್ಕಿತು.

"ಬೈದ್ರು ಅಂತ ಇಂಥ ಕೆಲಸ ಮಾಡ್ತಾರೇನೋ?" ಕುಮುದಾ ಕೆಂಡವಾಗಿದ್ದಳು. "ನನ್ನ ಶಾಲೆಗೆ ನೀನು ಬೇಡ. ಊರಿನ ಯಾವ ಸಂಗೀತ ಶಾಲೆಗೂ ನೀನು ಸೇರದ ಹಾಗೆ ಮಾಡ್ತೀನಿ!"

ತರುಣ ತುಟಿ ಬಿಚ್ಚಲಿಲ್ಲ. ರಾಯರು ನೆಲ ನೋಡುತ್ತಿದ್ದರು. ಪೂರ್ವಿ ಎಂಬ ವಿದ್ಯಾರ್ಥಿನಿ, "ಸರ್, ನನ್ನ ಹತ್ರ ಹೊಸ ತಂತಿ ಇದೆ, ಹಾಕಿಕೊಡ್ಲಾ? ಇಲ್ಲಾಂದ್ರೆ ನನ್ನ ಗಿಟಾರೇ ತಗೊಳ್ಳಿ" ಎಂದಳು.

"ಬ್ಯಾಡ ಬ್ಯಾಡವ್ವಾ. ಇವತ್ತು ಬಾರಿಸೂದು ಆಗಂಗಿಲ್ಲ" ಎಂದರು ರಾಯರು, ಅವಳ ಮಾತು ಮುಗಿಯುವ ಮೊದಲೇ.

ನಾನು ಕೆಳಗಿಳಿದು ವೈನಿಯನ್ನು ಕರೆತಂದೆ. ಕಳ್ಳ ಸಿಕ್ಕೇಬಿಟ್ಟಿದ್ದಾನೆ, ಅವನ ಬಾಯಿ ಬಿಡಿಸುವುದೊಂದೇ ಬಾಕಿ ಎಂದು ಮೆಟ್ಟಿಲುದ್ದಕ್ಕೂ ಒದರಿದೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ವೈನಿ ಕನ್ನಡಕ ಏರಿಸಿ ಪೆಟ್ಟಿಗೆಯ ಮುಂದೆ ಕೂತರು. ಮರದ ಮೇಲೆ ಬೆರಳಾಡಿಸಿದರು. ಹೊಳಪಿನ ಮೇಲೆ ಎಲ್ಲೂ ಒಂದು ಗೀರೂ ಇರಲಿಲ್ಲ. ಪೆಟ್ಟಿಗೆಯ ನೀಲಿ ಮಖಮಲ್ಲಿನ ಮೇಲೆ ಐದಾರು ಕಂದು ಕಲೆಗಳು ಸಾಲಾಗಿದ್ದವು. ಮೂಸಿ ನೋಡಿ, "ರಕ್ತ" ಎಂದರು. ಆಮೇಲೆ ಪೂರ್ವಿಯನ್ನು ಕರೆದು, ಹಳೆಯ ತಂತಿ ತೆಗೆಯುವುದು ಹೇಗೆ ಎಂದು ಕೇಳಿದರು.

"ಮೊದಲು ತಂತಿ ಬಿಗಿಯೋ ಕಿವಿ ತಿರುಗಿಸಿ ಸಡಿಲ ಮಾಡ್ತೀವಿ ಆಂಟಿ, ಆಮೇಲೆ ಕಟ್ ಮಾಡ್ತೀವಿ. ಬಿಗಿ ಇದ್ದಾಗ ಕತ್ತರಿಸಿದ್ರೆ ಸಿಡಿದು ಮರ ಗೀರುತ್ತೆ. ಒಮ್ಮೆಲೇ ಬಿಗಿ ಹೋದ್ರೆ ಗಿಟಾರಿನ ಕುತ್ತಿಗೆಗೂ ಒಳ್ಳೇದಲ್ಲ ಅಂತ ಸರ್ ನಿನ್ನೆ ಹೇಳಿದ್ರು."

ವೈನಿ ತಲೆಯಾಡಿಸಿದರು. ಎಲ್ಲರನ್ನೂ ಪಡಸಾಲೆಯಲ್ಲಿ ಸುತ್ತ ಕೂರಿಸಿ, "ಎಲ್ಲಾರೂ ಎರಡೂ ಕೈ ಚಾಚ್ರಿ" ಎಂದರು.

ನನ್ನನ್ನೂ ಬಿಡಲಿಲ್ಲ. ಕುಮುದಾಳ ಕೈ, ಹನ್ನೆರಡೂ ವಿದ್ಯಾರ್ಥಿಗಳ ಕೈ ನೋಡಿದರು. ತರುಣನ ಕೈಗಳನ್ನು ಬೆಳಕಿಗೆ ಹಿಡಿದು ಹೆಚ್ಚು ಹೊತ್ತು ನೋಡಿದರು. ಕಡೆಗೆ ಯಶವಂತರಾಯರೂ ಯಾವ ಅಳುಕೂ ಇಲ್ಲದೆ ತಮ್ಮ ಕೈ ಚಾಚಿದರು. ವೈನಿ ಆ ಎಡಗೈಯನ್ನು ಮೆಲ್ಲಗೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟರು.

"ರಾಯರ, ನೀವು ಹೇಳ್ತೀರೋ, ನಾನು ಹೇಳಲೋ?"

ರಾಯರು ಉತ್ತರಿಸುವ ಮೊದಲೇ ತರುಣ ಎದ್ದ. "ನಾನs ಮಾಡೀನ್ರಿ ಅಜ್ಜಿ! ಸಿಟ್ಟು ಬಂದಿತ್ತು. ನಾನs ಕತ್ತರಿಸೀನಿ. ಸರ್‌ಗೆ ಏನೂ ಕೇಳಬ್ಯಾಡ್ರಿ."

"ಕೂತ್ಕೋ ತಮ್ಮಾ" ಎಂದರು ವೈನಿ. "ಸುಳ್ಳು ಹೇಳೂದು ನಿನಗ ಬರಂಗಿಲ್ಲ."

ಆಮೇಲೆ ಅವರು ವಿವರಿಸಿದರು. ಆಸ್ಪತ್ರೆಯಲ್ಲಿ ರೋಗಿಯ ಮನೆಯವರಿಗೆ ಹೇಳುವಾಗ ಇರುತ್ತಿದ್ದ ದನಿಯೇ ಅದು.

"ಸಿಟ್ಟಿಗೆದ್ದವನು ಸಡಿಲ ಮಾಡ್ತಾ ಕೂಡಂಗಿಲ್ಲ, ಕಚಕ್ಕನ ಕತ್ತರಿಸ್ತಾನ. ಇಲ್ಲಿ ಆರೂ ಕಿವಿ ತಿರುವಿ, ಗಿಟಾರಿಗೆ ಒಂದು ಗೀರು ಬೀಳದಂಗ ಕತ್ತರಿಸ್ಯಾರ. ಅಂದ್ರ ಇದು ಅದರ ಮ್ಯಾಲೆ ಜೀವ ಇಟ್ಟವರ ಕೆಲಸ. ಅಂಥವರು ಇಲ್ಲಿ ಇಬ್ಬರು, ಗುರು ಮತ್ತ ಶಿಷ್ಯ. ಇನ್ನ ರಕ್ತ. ತಂತಿ ತುದಿ ಚುಚ್ಚಿದ್ರ ಯಾರಾದ್ರೂ ಹಾ ಅಂತ ಕೈ ಎಳ್ಕೊಂತಾರ, ಬೆರಳು ಬಾಯಾಗ ಇಟ್ಕೊಂತಾರ. ಇಲ್ಲಿ ಹನಿ ಮ್ಯಾಲೆ ಹನಿ ಬಿದ್ದಾವ. ಚುಚ್ಚಿದ್ದು ಆ ಕೈಗೆ ತಿಳದೇ ಇಲ್ಲ. ತರುಣನ ಕೈಯಾಗ ಗಾಯ ಇಲ್ಲ; ಕಟ್ಟರ್ ಅಂದ್ರ ತಂತಿ ಬದಲಿಸೂ ಯಾರ ಚೀಲದಾಗೂ ಇರತೈತಿ. ರಾಯರ ಎಡಗೈ ಕಿರುಬೆರಳಿನ ಹೊರಗಡೆ ಐತಿ, ನೋಡ್ರಿ. ಅದು ಇದ್ದದ್ದು ಗೊತ್ತಿದ್ರ ಅವರು ಕೈ ಚಾಚ್ತಿದ್ದಿಲ್ಲ."

ರಾಯರು ಆಗ ತಮ್ಮ ಬೆರಳನ್ನು ತಿರುಗಿಸಿ ನೋಡಿಕೊಂಡರು. ಒಣಗಿದ ಆ ಕಪ್ಪು ಗಾಯವನ್ನು ಅವರು ಮೊದಲ ಸಲ ನೋಡುತ್ತಿದ್ದರು.

"ಸಕ್ಕರೆ ಕಾಯಿಲೆ ನರ ತಿಂದೈತಿ. ಕಾಲಾಗೂ ಸ್ಪರ್ಶ ಇಲ್ಲ, ಅದಕ್ಕ ಚಪ್ಪಲಿ ಬಿದ್ದದ್ದು ಗೊತ್ತಾಗಲಿಲ್ಲ. ನಿನ್ನೆ ತಂತಿ ಮುಟ್ಟಲಿಲ್ಲ. ಇವತ್ತು ಹೊಸಾ ತಂತಿ ಬ್ಯಾಡ, ಬ್ಯಾರೆ ಗಿಟಾರ್ ಬ್ಯಾಡ ಅಂದ್ರು. ಬಾರಿಸೂದು ನಿಂತ್ರ ಸಾಕಾಗಿತ್ತು ಅವರಿಗೆ. ಮನ್ಯಾಗs ಕತ್ತರಿಸಿ ತಂದಾರ."

ಕುಮುದಾ ಕ್ಯಾಮೆರಾ ಆರಿಸಿದಳು.

"ನಾಕು ತಿಂಗಳಾತು" ಎಂದರು ರಾಯರು. "ತಂತಿ ಬೆರಳಿನ ಕೆಳಗ ಐತೋ ಇಲ್ಲೋ ತಿಳಿಯಂಗಿಲ್ಲ. ತಪ್ಪು ಸ್ವರ ಮಾತ್ರ ಕಿವಿಗೆ ಕೇಳತೈತಿ. ನೀವೆಲ್ಲಾ ಅದನ್ನ ಕೇಳಬಾರದಾಗಿತ್ತು. ಯಾರೋ ಕಿಡಿಗೇಡಿ ಮಾಡ್ಯಾನ ಅಂತ ಬಿಟ್ಟುಬಿಡ್ತೀರಿ ಅಂದ್ಕೊಂಡೆ. ಇವನ ಮ್ಯಾಲೆ ಬಂತು. ಆಗಾದ್ರೂ ಬಾಯಿ ಬಿಡಬೇಕಾಗಿತ್ತು. ಧೈರ್ಯ ಸಾಲಲಿಲ್ಲ. ನಿನ್ನೆ ಬೈದದ್ದೂ ಹೊಟ್ಟಿಕಿಚ್ಚಿಗೇ." ಅವರು ತರುಣನ ಕಡೆ ತಿರುಗಿದರು. "ನೀ ಯಾಕ ಸುಮ್ಮನಿದ್ದಿ? ಕೆಲಸ ಹೋಗ್ತಿತ್ತಲ್ಲೋ!"

"ಪೆಟ್ಟಿಗಿ ತಗದಾಗs ಗೊತ್ತಾತ್ರಿ ಸರ್" ಎಂದ ತರುಣ. "ಹಂಗ ಸಡಿಲ ಮಾಡಿ ಕತ್ತರಿಸೂದು ನನಗ ಕಲಿಸಿದವರು ನೀವ ಅಲ್ಲೇನ್ರಿ. ಕೆಲಸ ಎಲ್ಯಾರ ಸಿಗತೈತಿ. ನಿಮ್ಮನ್ನ ಮಂದಿ ಅಯ್ಯೋ ಪಾಪ ಅನ್ನೂದು ನನ್ನ ಕಡಿಂದ ನೋಡೂದು ಆಗ್ತಿದ್ದಿಲ್ಲ."

ಅಷ್ಟು ದೊಡ್ಡ ಮನುಷ್ಯ ಮಕ್ಕಳ ಹಾಗೆ ಬಿಕ್ಕಿಬಿಕ್ಕಿ ಅತ್ತರು. ಆ ಹುಡುಗನನ್ನು ಕಳ್ಳ ಅಂದೆನಲ್ಲ ಎಂದು ನನಗೆ ನಾಚಿಕೆಯಾಯಿತು. ಕುಮುದಾ ತರುಣನ ಎದುರು ಬಂದು, "ತಪ್ಪಾಯ್ತು ಕಣೋ. ಒಂದನೇ ತಾರೀಕು ಕೆಲಸಕ್ಕೆ ಬರಬೇಕು ನೀನು" ಎಂದಳು.

ರಾಯರು ಮುಖ ಒರೆಸಿಕೊಂಡು ಪೂರ್ವಿಯಿಂದ ಹೊಸ ತಂತಿ ಇಸಿದುಕೊಂಡು ತರುಣನ ಕೈಗೆ ಕೊಟ್ಟರು. "ಮಂದಿ ದೂರದಿಂದ ಬಂದಾರ. ಹಾಕು. ನಾ ಹಾಡ್ತೀನಿ, ನೀ ಬಾರಿಸು."

ಒಂದೂವರೆ ಗಂಟೆ ಪಾಠ ನಡೆಯಿತು. ರಾಯರು ಬಾಯಲ್ಲಿ ಹೇಳಿದ್ದನ್ನು ತರುಣ ತಂತಿ ಎಳೆದೆಳೆದು ನುಡಿಸಿದ. ಸಂಗೀತದ ಗಂಧವಿಲ್ಲದ ನನ್ನಂಥ ಔರಂಗಜೇಬನಿಗೂ ಅದು ಅಳುವಂತೆಯೇ ಕೇಳಿಸಿತು. ಕೊನೆಗೆ ಅವನು ಕೈ ಜಾಡಿಸಿದಾಗ ರಾಯರು ಅವನ ಬೆರಳುಗಳನ್ನು ತಮ್ಮ ಅಂಗೈಯಲ್ಲಿಟ್ಟುಕೊಂಡು ಕೇಳಿದರು.

"ನೋಯಾಕತ್ತಾವೇನು?"

"ಹೂಂನ್ರಿ ಸರ್. ಭಾಳ ನೋಯಾಕತ್ತಾವ."

"ಹಂಗಾರ ಇನ್ನೊಮ್ಮೆ ಬಾರಿಸಪಾ" ಎಂದರು ರಾಯರು. "ಎಲ್ಲೀತನಕ ನೋವು ಗೊತ್ತಾಗತೈತೋ ಅಲ್ಲೀತನಕ ಬಾರಿಸು."