ಎಂಟು ಭಾನುವಾರದ ಟೆಸ್ಟ್ ರೈಡ್

"ಇಲ್ಲಿ ಈ ಬೈಕ್ ಬಗ್ಗೆ ಗೊತ್ತಿರುವವರು ಯಾರಾದ್ರೂ ಇದ್ದಾರಾ?"

ಕೇಳಿದ್ದು ನನ್ನನ್ನಲ್ಲ. ನನ್ನನ್ನು ದಾಟಿ ಹೋಗಿ, ನನ್ನ ಹಿಂದೆ ನಿಂತಿದ್ದ ಗಂಡಸನ್ನು. ಪಾಪ, ಆತ ಎಸಿ ರಿಪೇರಿಗೆ ಬಂದವನು.

ಇದು 2015ರ ಮಾತು. ಠಾಣೆಯ ಘೋಡ್‌ಬಂದರ್ ರೋಡಿನ ಬೈಕ್ ಶೋರೂಮಿನಲ್ಲಿ ನಾನು ಸೇಲ್ಸ್‌ನಲ್ಲಿದ್ದೆ. "ನಾನಿದ್ದೇನೆ, ಹೇಳಿ," ಅಂದೆ.

ಕೇಳಿದವನು ನನ್ನ ಬ್ಯಾಡ್ಜ್ ಓದಿದ. ಅಶ್ಮಿತಾ ಶೆಟ್ಟಿ. "ಮ್ಯಾಡಂ, ಬ್ರೋಶರ್ ನಾನೂ ಓದಿದ್ದೇನೆ. ಓಡಿಸಿ ಗೊತ್ತಿರುವವರು ಬೇಕಿತ್ತು."

ನನಗೆ ಮೈಯೆಲ್ಲ ಉರಿಯಿತು. ನಮ್ಮ ಡೆಮೊ ಬೈಕ್ ಸ್ಟ್ರೀಟ್ ಟ್ರಿಪಲ್‌ನ ಕೀ ಕಿತ್ತುಕೊಂಡು, ಹೆಲ್ಮೆಟ್ ಹಾಕಿ, "ಗಾಡಿ ಇದ್ದರೆ ಹಿಂದೆ ಬನ್ನಿ," ಅಂದವಳೇ ಹೊರಟೆ. ಗಾಯ್‌ಮುಖ್‌ವರೆಗೆ ತಿರುಗಿ ನೋಡಲಿಲ್ಲ. ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ ಪಕ್ಕ ನಿಲ್ಲಿಸಿ ಎರಡು ನಿಮಿಷ ಕಾದ ಮೇಲೆ ಬಂದ ಸಾಹೇಬ, ಗೆಳೆಯನಿಂದ ತಂದಿದ್ದ ಬೇರೆ ಕಂಪನಿಯ ಬೈಕು ಝೆಡ್ 800 ಮೇಲೆ. ಹೆಲ್ಮೆಟ್ ತೆಗೆದು ಎರಡೂ ಕಿವಿ ಹಿಡಿದುಕೊಂಡ.

"ಸಾರಿ. ನಾನು ಗಧಾ, ಶುದ್ಧ ಕತ್ತೆ."

"ಗೊತ್ತಾಯ್ತು. ನೆಕ್ಸ್ಟ್?"

ಅವನು ನಕ್ಕ. ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುವ ಹಾಳಾದ ನಗು. ಹೆಸರು ಸಮಿತ್ ಶೆಟ್ಟಿ, ಹುಟ್ಟಿ ಬೆಳೆದದ್ದು ಕಲ್ಯಾಣ್, ಕೆಲಸ ಐರೋಲಿಯ ಐಟಿ ಪಾರ್ಕಿನಲ್ಲಿ. ಅವನ ಕನ್ನಡದಲ್ಲಿ ಅರ್ಧ ಹಿಂದಿ, ಕಾಲು ಮರಾಠಿ. ಐದು ವರ್ಷದಿಂದ ದುಡ್ಡು ಕೂಡಿಸಿದ್ದನಂತೆ, ಈ ಎರಡು ನೇಕೆಡ್ ಬೈಕ್‌ಗಳಲ್ಲಿ ಒಂದನ್ನು ಕೊಳ್ಳಲು.

ನೇಕೆಡ್ ಅಂದರೆ ಮೈಮೇಲೆ ಪ್ಲಾಸ್ಟಿಕ್ ಹೊದಿಕೆ ಇಲ್ಲದ್ದು. ಎಂಜಿನ್ನು, ಪೈಪು, ನಟ್ಟು, ಬೋಲ್ಟು ಎಲ್ಲ ಹೊರಗೇ. ಗಾಳಿ ನೇರ ಎದೆಗೆ ಹೊಡೆಯುತ್ತದೆ. ನನಗೆ ಮೊದಲಿನಿಂದ ಇವೇ ಇಷ್ಟ, ಮುಚ್ಚಿಡುವುದಕ್ಕೆ ಏನೂ ಇಲ್ಲ ನೋಡಿ.

"ಕಂಪೇರ್ ಮಾಡಬೇಕು ಅಂದರೆ ಇಬ್ಬರೂ ಎರಡನ್ನೂ ಓಡಿಸಬೇಕು," ಅಂದ. "ಅದಲುಬದಲು ಮಾಡುವ?"

ಮಾಡಿದೆವು. ನಾನು ಝೆಡ್ ಹತ್ತಿದೆ. ಸೀಟು ಇನ್ನೂ ಬೆಚ್ಚಗಿತ್ತು, ಹ್ಯಾಂಡಲ್‌ನ ರಬ್ಬರೂ. ಅವನ ಅಂಗೈ ಇದ್ದ ಜಾಗದಲ್ಲಿ ನನ್ನ ಅಂಗೈ ಇಟ್ಟಾಗ ಸುಮ್ಮನೆ ಒಂಥರಾ ಆಯ್ತು. ಥೂ, ಅವನು ಗಿರಾಕಿ ಮಾರಾಯ್ತಿ, ಅಂತ ನನಗೆ ನಾನೇ ಬೈದುಕೊಂಡೆ.

ಟ್ರಿಪಲ್ ಮೂರು ಸಿಲಿಂಡರಿನದು, ಹಗುರ, ನೀವು ಎತ್ತ ನೋಡಿದರೆ ಅತ್ತ ತಿರುಗುತ್ತದೆ. ಝೆಡ್‌ಗೆ ನಾಲ್ಕು ಸಿಲಿಂಡರ್, ನಲವತ್ತು ಕಿಲೋ ಹೆಚ್ಚು ಭಾರ, ನಿಧಾನ ಹೋದರೆ ಸೋಮಾರಿ. ಆದರೆ ಥ್ರಾಟಲ್ ಪೂರ್ತಿ ತಿರುವಿದಿರೋ, ಹೊಟ್ಟೆಯೊಳಗೆ ಕೈಹಾಕಿ ಎಳೆದ ಹಾಗೆ. ಇಷ್ಟನ್ನು ನಾನು ಮೊದಲ ದಿನವೇ ಹೇಳಿ ಮುಗಿಸಿದ್ದೆ.

ಅವನು ಮುಂದಿನ ಭಾನುವಾರ ಮತ್ತೆ ಬಂದ. "ಬ್ರೇಕ್ ಸರಿಯಾಗಿ ನೋಡಲಿಲ್ಲ." ಅದರ ಮುಂದಿನ ವಾರ, "ಟ್ರಾಫಿಕ್‌ನಲ್ಲಿ ಎಂಜಿನ್ ಬಿಸಿ ಎಷ್ಟು ಬಡಿಯುತ್ತೆ ನೋಡಬೇಕು." ಆಮೇಲೆ, "ಹಾರ್ನ್ ಕಂಪೇರ್ ಮಾಡ್ಲೇ ಇಲ್ಲ ಯಾರ್."

"ಹಾರ್ನ್?"

"ಮುಂಬಯಿಯಲ್ಲಿ ಹಾರ್ನ್ ಇಂಪಾರ್ಟೆಂಟ್ ಅಲ್ವಾ?"

ನಮ್ಮ ಮ್ಯಾನೇಜರ್ ದೇವದಾಸ್ ಕೇಳಿಯೇಬಿಟ್ಟರು: "ಅಶ್ಮಿತಾ, ಈ ಹುಡುಗ ಬೈಕ್ ತಗೊಳ್ತಾನೋ, ನಿನ್ನನ್ನೋ?" ನಾನು ಫೈಲ್ ಎತ್ತಿಕೊಂಡು ಓಡಿದೆ. ಮುಖ ಬಿಸಿಯಾಗಿತ್ತು.

ಎಂಟನೆಯ ಭಾನುವಾರ, ಖಾಡಿಯ ಪಕ್ಕ ವಡಾಪಾವ್ ತಿನ್ನುತ್ತ, ನಾನೇ ತಡೆಯಲಾರದೆ ಕೇಳಿದೆ. "ಸಮಿತ್, ನಿಜ ಹೇಳು. ಯಾವುದು?"

"ಟ್ರಿಪಲ್," ಅಂದ. "ಮೊದಲ ದಿನವೇ ಫಿಕ್ಸ್."

"ಮತ್ತೆ ಇಷ್ಟು ವಾರ ನನ್ನ ತಲೆ ತಿಂದದ್ದು ಯಾಕೆ?"

ಅವನು ವಡಾಪಾವ್‌ನ ಕಾಗದವನ್ನು ನಾಲ್ಕು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. "ಬುಕ್ ಮಾಡಿದರೆ ಮುಂದಿನ ಭಾನುವಾರ ಬರಲು ನೆಪ ಬೇಕಲ್ಲ?"

ಅವನ ಕಿರುಬೆರಳು ನನ್ನ ಕಿರುಬೆರಳನ್ನು ಮುಟ್ಟಿ ಹಾಗೇ ಇತ್ತು. ಇಬ್ಬರೂ ನೀರು ನೋಡುತ್ತ ಕೂತೆವು. ನನಗೆ ಅಷ್ಟು ಖುಷಿ ಯಾವತ್ತೂ ಆಗಿರಲಿಲ್ಲ, ಆಮೇಲೂ ಆಗಲಿಲ್ಲ.

ಡೊಂಬಿವ್ಲಿಯ ಮನೆಯಲ್ಲಿ ಅಮ್ಮ, ನಾನು, ಇಬ್ಬರೇ. ಅಪ್ಪ ಹೋಗಿ ಆರು ವರ್ಷ. ಅಮ್ಮ ಜಯಲತಾ ಕಾರ್ಕಳ ಬಿಟ್ಟು ಮೂವತ್ತು ವರ್ಷವಾದರೂ ಈ ಊರಲ್ಲಿ ಇನ್ನೂ ಹೊರಗಿನವಳು. ಹುಡುಗರ ಬೈಕ್ ಹಿಂದೆ ಕೂತರೆ ಕಾಲು ಮುರೀತೇನೆ ಅನ್ನುವ ಪೈಕಿ. ಅದಕ್ಕೇ ನಾವು ಪ್ಲಾನ್ ಮಾಡಿದ್ದು: ಮೊದಲು ಸಮಿತ್ ಗಿರಾಕಿಯಾಗಿ ಮನೆಗೆ ಬರುವುದು, ಅಮ್ಮನಿಗೆ ಹಿಡಿಸುವುದು, ಆಮೇಲೆ ವಿಷಯ ಹೇಳುವುದು.

ಹಿಡಿಸಿದ. ಹಿಡಿಸದೆ ಏನು, ನೀರುದೋಸೆ ಮೂರನೇ ಸಲ ಕೇಳಿ ಹಾಕಿಸಿಕೊಂಡ. ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಎದುರು ಕೂತು ತುಳುವಿನಲ್ಲಿ ಕೇಳಿದಳು, "ನಿನ್ನ ಬರಿ ಒವು ಮಗಾ?"

ನಿನ್ನ ಬರಿ ಯಾವುದು ಅಂತ. ಬರಿ ಅಂದರೆ ತಾಯಿಯ ಕಡೆಯಿಂದ ಬರುವ ವಂಶ. ನಮ್ಮಲ್ಲಿ ಶೆಟ್ಟಿ ಅನ್ನುವುದು ಲಕ್ಷ ಜನರಿಗಿದೆ, ಅದರಿಂದ ಏನೂ ತಿಳಿಯುವುದಿಲ್ಲ. ಬರಿಯೇ ಲೆಕ್ಕ.

"ಬರಿ?" ಸಮಿತ್ ತಲೆ ಕೆರೆದ. "ಪತಾ ನಹೀ ಆಂಟಿ. ಒಂದು ನಿಮಿಷ, ಮಮ್ಮಿಗೆ ಕೇಳ್ತೇನೆ." ಪೆದ್ದ, ಕಲ್ಯಾಣಿಗೆ ಫೋನ್ ಹಚ್ಚಿ ಸ್ಪೀಕರಿಗೂ ಹಾಕಿದ. ನನ್ನ ಕಡೆ ಕಳ್ಳನೋಟ ಹಾಕಿ ಕಣ್ಣು ಮಿಟುಕಿಸಿದ.

ಆ ಕಡೆಯಿಂದ ಅವನ ಅಮ್ಮ ಬರಿಯ ಹೆಸರು ಹೇಳಿದರು. ನಮ್ಮದೇ.

ಅಮ್ಮ ಎರಡೂ ಕೈ ತಟ್ಟಿ ಎದ್ದಳು. "ಅಯ್ಯೋ ದೇವರೇ, ನಮ್ಮ ಹುಡುಗನೇ! ಅಶ್ಮಿತಾ, ಕೇಳಿದೆಯಾ? ಒಂದೇ ಬರಿ! ಇವನು ನಿನಗೆ ಅಣ್ಣ ಆಗಬೇಕು!" ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. "ಆಂಟಿ ಎಂತಕ್ಕೆ? ದೊಡ್ಡಮ್ಮ ಅನ್ನು. ನನಗೆ ಮಗ ಇಲ್ಲ ಅಂತ ದುಃಖ ಇತ್ತು ಮಾರಾಯ." ನನ್ನ ಕಡೆ ತಿರುಗಿ, "ಅಣ್ಣನಿಗೆ ಇನ್ನೊಂದು ದೋಸೆ ಹಾಕು," ಅಂದಳು.

ನಾನು ದೋಸೆ ಹಾಕಿದೆ. ಸಮಿತ್ ಇನ್ನೂ ನಗುತ್ತಲೇ ಇದ್ದ, ಅವನಿಗೆ ಅರ್ಥವೇ ಆಗಿರಲಿಲ್ಲ. ಲಿಫ್ಟಿನ ಹತ್ತಿರ ನಾನು ಹೇಳಬೇಕಾಯ್ತು, ಒಂದೇ ಬರಿಯವರು ಒಡಹುಟ್ಟಿದವರ ಹಾಗೆ, ನಮ್ಮಲ್ಲಿ ಮದುವೆ ಆಗುವುದಿಲ್ಲ ಅಂತ.

"ಅರೇ, ನಿನ್ನ ಮುಖವೇ ನಾನು ಎರಡು ತಿಂಗಳ ಹಿಂದೆ ನೋಡಿದ್ದು," ಅಂದ. "ನೀನು ನನ್ನ ತಂಗಿ ಹೇಗೆ ಆಗ್ತೀ?"

ನಾನು ಲಿಫ್ಟಿನ ಬಟನ್ ಒತ್ತಿದೆ.

ಅಂದಿನಿಂದ ಅಮ್ಮನ ಕಾವಲು ಪೂರ್ತಿ ಹೋಯಿತು. ಸ್ಟೇಷನ್ನಿಗೆ ಅಣ್ಣನ ಜೊತೆ ಹೋಗು. ಲೋಕಲ್ ಟ್ರೇನ್ ರಶ್ ಇದ್ದರೆ ಅಣ್ಣನಿಗೆ ಫೋನ್ ಮಾಡು. ಇಡೀ ಡೊಂಬಿವ್ಲಿಯಲ್ಲಿ ಅವನೊಬ್ಬನ ಜೊತೆ ನನ್ನನ್ನು ಕಳಿಸಲು ಅಮ್ಮನಿಗೆ ಹೆದರಿಕೆಯೇ ಇರಲಿಲ್ಲ. ನನಗೆ ಕಿರುಚಬೇಕು ಅನ್ನಿಸುತ್ತಿತ್ತು. "ಅವನನ್ನು ಅಣ್ಣ ಅಂತ ಕರೆಯೇ," ಅಂತ ದಿನಾ ಪೀಡಿಸುತ್ತಿದ್ದಳು. ನಾನು 'ಅವರು', 'ಇವರು' ಅಂತ ತಪ್ಪಿಸಿಕೊಳ್ಳುತ್ತಿದ್ದೆ.

ಒಂದು ದಿನ ತರಕಾರಿ ಹೆಚ್ಚುತ್ತಿದ್ದ ಅಮ್ಮನನ್ನು ಸುಮ್ಮನೆ ಎಂಬಂತೆ ಕೇಳಿದೆ, "ಒಂದೇ ಬರಿಯವರು ಮದುವೆ ಆದರೆ ಎಂತ ಆಗ್ತದೆ?"

ಕತ್ತಿ ನಿಂತಿತು. "ನನ್ನ ತಂಗಿ ಲೋಲಾಕ್ಷಿ ಆದಳಲ್ಲ," ಅಂದಳು. ಅಮ್ಮನಿಗೆ ಒಬ್ಬಳು ತಂಗಿ ಇರುವುದೇ ನನಗೆ ಆವತ್ತಿನವರೆಗೆ ಗೊತ್ತಿರಲಿಲ್ಲ. "ನಮ್ಮಮ್ಮ ತೀರಿಕೊಂಡಾಗ ಮುಖ ನೋಡುತ್ತೇನೆ ಅಂತ ಬಂದಳು. ಬಾಗಿಲು ಹಾಕಿದವಳು ನಾನೇ. ಹೊರಗೆ ಕೂತು ಅತ್ತು ಅತ್ತು ಹೋದಳು. ಈಗಲೂ ಕೇಳಿಸ್ತದೆ." ಹೆಚ್ಚಿದ್ದನ್ನು ಒಂದು ಬದಿಗೆ ಸರಿಸಿ, "ಇನ್ನೊಮ್ಮೆ ಅಂಥದ್ದಾದರೆ ನಾನು ಬದುಕುವುದಿಲ್ಲ ಮಗಾ," ಅಂದಳು.

ಸಮಿತ್ ಬೈಕ್ ಕೊಂಡ. ಝೆಡ್ 800, ಬೇರೆ ಶೋರೂಮಿನಿಂದ. ಸುದ್ದಿ ನನಗೆ ತಿಳಿದದ್ದು ಅಮ್ಮನಿಂದ. ಗಾಡಿಪೂಜೆಗೆ ಅವನನ್ನು ಮನೆಗೆ ಕರೆದಿದ್ದಳು, ನಿಂಬೆಹಣ್ಣು, ಸೇವಂತಿಗೆ ಎಲ್ಲ ತಂದಿಟ್ಟು. ಟ್ಯಾಂಕಿಗೆ ಕುಂಕುಮ ನನ್ನಿಂದಲೇ ಹಚ್ಚಿಸಿದಳು. "ಈಗ ತಂಗಿಯನ್ನು ಒಂದು ರೌಂಡ್ ಕರ್ಕೊಂಡು ಹೋಗು."

ಮಟಮಟ ಮಧ್ಯಾಹ್ನ ಶಿಳ್‌ಫಾಟಾ ದಾಟಿ ಹೋದೆವು. ನಾನು ಮೊದಲ ಸಲ ಅವನ ಹಿಂದೆ ಕೂತದ್ದು. ಅವನ ಬೆನ್ನಿಗೆ ಹಣೆ ಒತ್ತಿ ಅತ್ತೆ. ಅವನ ಬೆನ್ನೂ ಅದುರುತ್ತಿತ್ತು. ಮಹಾಪೆಯ ಹತ್ತಿರ ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿದ.

"ನಿನಗೆ ಟ್ರಿಪಲ್ ಇಷ್ಟ ಇತ್ತು," ಅಂದೆ.

"ಅದರ ಸರ್ವಿಸ್ ನಿಮ್ಮ ಶೋರೂಮಿನಲ್ಲಿ. ಪ್ರತಿ ಸಲ ಬಂದು ನಿನ್ನ ಎದುರು ಕೂತು ಚಹಾ ಕುಡಿಯಬೇಕು. ನನ್ನಿಂದ ಆಗಲ್ಲ ಅಶ್ಮಿ." ಆಮೇಲೆ ನನ್ನ ಕೈ ಹಿಡಿದ. "ಠಾಣೆಯಲ್ಲಿ ಕೋರ್ಟ್ ಮ್ಯಾರೇಜ್ ಮಾಡಿಕೊಳ್ಳುವ. ಕೇಳಿದ್ದೇನೆ, ಒಂದು ತಿಂಗಳ ನೋಟಿಸ್. ಹೂಂ ಅನ್ನು ಸಾಕು."

ಹೂಂ ಅನ್ನಲು ನನ್ನ ಇಡೀ ಮೈ ಕಾಯುತ್ತಿತ್ತು. ಅಮ್ಮನ ಮೇಲೆ, ಅವಳ ಬರಿಯ ಮೇಲೆ, ನನ್ನ ಮೇಲೆ ನನಗೆ ಅಷ್ಟು ಸಿಟ್ಟು ಬಂದಿತ್ತು. ಆದರೆ ಅಮ್ಮ ಒಳಗೆ ಬಾಗಿಲು ಹಾಕಿಕೊಂಡು ಒಬ್ಬಳೇ ಕೂತಿರುವುದು ಕಣ್ಣಿಗೆ ಕಟ್ಟಿತು. "ಆಗುವುದಿಲ್ಲ," ಅಂದೆ. "ನೀನು ಇನ್ನು ಬರಬೇಡ. ಪ್ರೀತಿ ಇಲ್ಲ ಅಂತಲ್ಲ. ಸಾಯುವಷ್ಟು ಉಂಟು."

ಅವನು ಹೆಲ್ಮೆಟ್ ಕೈಗೆತ್ತಿಕೊಂಡ. "ಸರಿ. ಒಂದೇ ಒಂದು ಕೇಳ್ತೇನೆ. ನೀನು ನನ್ನನ್ನು ಯಾವತ್ತೂ ಅಣ್ಣ ಅನ್ನಬೇಡ. ಜಗತ್ತೆಲ್ಲ ಅನ್ನಲಿ. ನೀನು ಅನ್ನಬೇಡ."

"ಅನ್ನುವುದಿಲ್ಲ," ಅಂತ ಅವನ ಕೈ ಮುಟ್ಟಿ ಹೇಳಿದೆ.

ವಾಪಸ್ ಬಂದಾಗ ಅಮ್ಮ ಬಿಲ್ಡಿಂಗಿನ ಗೇಟಿನಲ್ಲೇ ಇದ್ದಳು, ಅವನಿಗೆ ಕೊಡಲು ಡಬ್ಬಿ ಹಿಡಿದುಕೊಂಡು. ನನ್ನ ಮುಖ ನೋಡಿದಳು, ಆಮೇಲೆ ಅವನದು. ಮತ್ತೆ ನನ್ನದು. ಅವಳ ನಗು ನಿಧಾನಕ್ಕೆ ಇಳಿಯಿತು.

"ಇಬ್ಬರ ಕಣ್ಣೂ ಕೆಂಪಾಗಿದೆ," ಅಂದಳು. "ಎಂತ ಆಯ್ತು ನಿಮಗೆ?"

ಆ ದನಿ ನಾನು ಕೇಳಿರಲಿಲ್ಲ. ಇನ್ನೊಂದು ಕ್ಷಣ ಬಿಟ್ಟರೆ ಅವಳಿಗೆ ಎಲ್ಲ ತಿಳಿದುಬಿಡುತ್ತಿತ್ತು.

"ಎಂತ ಇಲ್ಲಮ್ಮ," ಅಂದೆ. "ಅಣ್ಣ ಸಿಕ್ಕಾಪಟ್ಟೆ ಸ್ಪೀಡಾಗಿ ಓಡಿಸಿದ. ಧೂಳು ಹೋಯ್ತು ಕಣ್ಣಿಗೆ."

ಸಮಿತ್ ನನ್ನನ್ನು ನೋಡಿದ. ನಾನು ನಿಂತಲ್ಲೇ ಸತ್ತೆ.

"ಹೌದು ದೊಡ್ಡಮ್ಮ," ಅಂದ. "ಪಾಪ, ತಂಗಿ ಹೆದರಿದಳು. ಇನ್ನು ಹಾಗೆ ಓಡಿಸುವುದಿಲ್ಲ."

ಅಮ್ಮ ದೊಡ್ಡದಾಗಿ ಉಸಿರು ಬಿಟ್ಟಳು. ಅವನ ಭುಜಕ್ಕೆ ಒಂದು ಪೆಟ್ಟು ಕೊಟ್ಟಳು, ಡಬ್ಬಿ ಕೈಗಿತ್ತಳು, ನನ್ನ ತಲೆ ಸವರಿದಳು. ಎಷ್ಟು ಸಂತೋಷ ಅವಳ ಮುಖದಲ್ಲಿ.

"ಅಂತೂ ಇವಳ ಬಾಯಿಗೆ ಬಂತಲ್ಲ," ಅಂದಳು, "ಅಣ್ಣ ಅಂತ."