ತಾರ್ಯೆ ಯಜಮಾನರ ಆರು ಹಲಗೆ

1868ನೇ ಇಸವಿ ಮಾರ್ಚ್ 14, ಶನಿವಾರ, ಬೆಳಿಗ್ಗೆ ಒಂಬತ್ತು ಗಂಟೆ. ಟೆಲಿಮಾರ್ಕ್ ಸೀಮೆಯ ನಮ್ಮ ಕಣಿವೆಗೆ ಸ್ಟೀನಾರ್ ಪೊಲೀಸ್ ಅಧಿಕಾರಿ. ಅವನ ಮನೆಯ ಮುಂಗೋಣೆಯೇ ಠಾಣೆ. ಬೂಟಿನ ಹಿಮ ಕೊಡವಿ ಒಳಬಂದ ಆಸ್ಲಾಕ್, ನೂರ್‌ಗಾರ್ಡ್ ಜಮೀನಿನ ಯಜಮಾನ ತಾರ್ಯೆಯವರ ಹಿರಿಮಗ. ಉಗ್ರಾಣದ ಅಟ್ಟದಿಂದ ತಂದೆಯ ಆರು ಪೈನ್ ಹಲಗೆಗಳು ಕಳುವಾಗಿವೆ ಎಂದು ದೂರು ಕೊಟ್ಟ.

ಎಂಥ ಹಲಗೆ ಎಂದು ಸ್ಟೀನಾರ್ ಕೇಳಲಿಲ್ಲ. ಇಲ್ಲಿ ಯಜಮಾನನಾದವನು ತನ್ನ ಕಾಡಿನ ಮರವನ್ನು ತಾನೇ ಕಡಿದು, ಕೊಯ್ಯಿಸಿ, ತನ್ನ ಶವಪೆಟ್ಟಿಗೆಗೆಂದು ಒಣಗಿಸಿಡುತ್ತಾನೆ. ತಾರ್ಯೆಯವರ ಹಲಗೆಗಳು ಇಪ್ಪತ್ತೆರಡು ವರ್ಷ ಒಣಗಿದ್ದವು. ಎಪ್ಪತ್ತಾರು ವರ್ಷದ ಅವರ ಎದೆಯಲ್ಲಿ ನೀರು ತುಂಬಿತ್ತು. ವೈದ್ಯರು ಒಂದು ತಿಂಗಳು ಎಂದಿದ್ದರು. ಪೆಟ್ಟಿಗೆಯನ್ನು ಕಣ್ಣಾರೆ ನೋಡಿ ಹೋಗಬೇಕೆಂಬುದು ಅವರಿಗುಳಿದ ಒಂದೇ ಆಸೆ. ಸೋಮವಾರ ಬಡಗಿ ಬರುವವನಿದ್ದ.

"ಅಪ್ಪನಿಗೆ ಇನ್ನೂ ಹೇಳಿಲ್ಲ. ಯಾರದೋ ಮರದಲ್ಲಿ ಮಲಗಿಸ್ತೀವಿ ಅಂತ ಹೇಗೆ ಹೇಳ್ಲಿ?" ಎಂದ ಆಸ್ಲಾಕ್.

ಹನ್ನೊಂದು ಗಂಟೆಗೆ ನೆರೆಯ ಇಬ್ಬರು ಪಂಚರ ಮುಂದೆ ಪಂಚನಾಮೆ ನಡೆಯಿತು. ಬೀಗ ಮುರಿದಿರಲಿಲ್ಲ. ಇದ್ದ ಒಂದೇ ಕೀಲಿಕೈ ಯಜಮಾನರ ಹೆಂಡತಿ ಯೊರುನ್ ಅವರ ಸೊಂಟದಲ್ಲಿತ್ತು. ನೆಲದ ಧೂಳಿನಲ್ಲಿ ಹಲಗೆ ಎಳೆದ ಆರು ಗೀಟುಗಳಿದ್ದವು. ಹೊರಗೆ ಹಿಮದಲ್ಲಿ ಜಾರುಬಂಡಿಯ ಗುರುತಿರಲಿಲ್ಲ. ಪೇದೆ ಅನುಂಡ್ ಒಕ್ಕಲುಗಳ ಗುಡಿಸಲು ಶೋಧಿಸೋಣವೆಂದ.

"ಬೇಡ. ಕಳ್ಳರಾದ್ರೆ ಇಬ್ರು ಬಂದು ಹೊತ್ಕೊಂಡು ಹೋಗ್ತಿದ್ರು. ಇದು ಕೈಲಾಗದವರು ಒಬ್ರೇ ಒಂದೊಂದಾಗಿ ಎಳೆದದ್ದು," ಎಂದ ಸ್ಟೀನಾರ್.

ಗುರುವಾರ ಗಂಡಸರೆಲ್ಲ ದಿಮ್ಮಿ ಸಾಗಿಸಲು ಕಾಡಿಗೆ ಹೋಗಿದ್ದರೆಂದೂ, ಮನೆಯಲ್ಲಿ ಮುದುಕರಿಬ್ಬರೇ ಇದ್ದರೆಂದೂ ವಿಚಾರಣೆಯಲ್ಲಿ ತಿಳಿಯಿತು. ಅಂದು ಅಟ್ಟ ಹತ್ತಿದ್ದುಂಟೆಂದು ಯೊರುನ್ ಒಪ್ಪಿದರು.

"ಹಲಗೆ ಇತ್ತಾ ಅಮ್ಮಾ?"

"ನಾನು ಹೋದದ್ದು ಅಲ್ಲಿ ಕೂಡಿಟ್ಟ ವರ್ಷದ ಒಣರೊಟ್ಟಿಗೆ."

ಸ್ಟೀನಾರ್ ರೋಗಿಯ ಕೋಣೆಗೆ ಹೋದ. ಗೋಡೆಗಂಟಿದ ಪೆಟ್ಟಿಗೆಮಂಚದಲ್ಲಿ ಯಜಮಾನರು ದಿಂಬಿಗೊರಗಿದ್ದರು.

"ಏನಪ್ಪಾ, ನನ್ನ ಹಿಡ್ಕೊಂಡು ಹೋಗೋಕೆ ಬಂದ್ಯಾ? ಸರದಿಯಲ್ಲಿ ನಿಲ್ಲು. ನಿನಗಿಂತ ಮುಂಚೆ ಒಬ್ಬ ಬಂದು ಕೂತಿದಾನೆ."

ನಿದ್ದೆ ಹೇಗೆ ಎಂದು ಸ್ಟೀನಾರ್ ಕೇಳಿದ.

"ಗುರುವಾರ ಇವಳು ನನ್ನ ಅಡುಗೆಮನೆ ಒಲೆ ಹತ್ರ ಕೂರ್ಸಿ ಹಾಸಿಗೆ ಹುಲ್ಲು ಬದಲಾಯ್ಸಿದ್ಲು. ಅವತ್ತಿಂದ ಬೆನ್ನಿಗೆ ಕಲ್ಲು ಒತ್ತಿದ ಹಾಗಿದೆ. ಆದ್ರೆ ಮಂಚ ಎತ್ತರ ಆಗಿದೆ ನೋಡು, ಕಿಟಕಿಯಿಂದ ಹೊಲ ಕಾಣತ್ತೆ."

ಸ್ಟೀನಾರ್, ಆಸ್ಲಾಕ್ ಇಬ್ಬರೂ ಸೇರಿ ಅವರನ್ನು ಮೆಲ್ಲಗೆ ಕುರ್ಚಿಗೆ ಎತ್ತಿದರು. ಹುಲ್ಲಿನ ಕೆಳಗೆ ಆರೂ ಹಲಗೆಗಳಿದ್ದವು. ಸಮಯ ಎರಡು ಗಂಟೆ ಇಪ್ಪತ್ತು ನಿಮಿಷ.

ಯೊರುನ್ ಆಗಲೇ ಶಾಲು ಹೊದ್ದು ಬಾಗಿಲಲ್ಲಿ ನಿಂತಿದ್ದರು. "ನಾನೇ ಇಟ್ಟೆ. ಪೆಟ್ಟಿಗೆ ಸಿದ್ಧವಾದ ಮೇಲೆ ಇವರು ಒಂದು ದಿನ ಕಾಯಲ್ಲ. ಚರ್ಚಿಗೂ ಅರ್ಧ ಗಂಟೆ ಮುಂಚೆ ಹೊರಡೋ ಜನ. ನಡಿಯಪ್ಪಾ, ಹೋಗೋಣ."

ಆಸ್ಲಾಕ್ ತಲೆತಗ್ಗಿಸಿ, ದೂರು ಹಿಂತೆಗೆಯುತ್ತೇನೆಂದ. ಸೊತ್ತು ತಂದೆಯದಾದ್ದರಿಂದ ತೀರ್ಮಾನವೂ ತಂದೆಯದೇ ಎಂದ ಸ್ಟೀನಾರ್. ಯಜಮಾನರು ಹೆಂಡತಿಯ ಕಡೆ ತಿರುಗಿದರು.

"ಹಿಂತೆಗೆಯಲ್ಲ," ಎಂದರು. "ಬಿಟ್ರೆ ಇವಳು ಸೀದಾ ಕೊಟ್ಟಿಗೆಗೆ ಹೋಗ್ತಾಳೆ. ಐವತ್ತೊಂದು ವರ್ಷದಲ್ಲಿ ನನ್ನ ಪಕ್ಕ ಒಂದು ದಿನ ಸುಮ್ನೆ ಕೂತಿಲ್ಲ. ಬಂಧಿಸಪ್ಪಾ. ಇಲ್ಲೇ, ಈ ಕುರ್ಚಿಯಲ್ಲೇ ಇರಲಿ."

ಎರಡು ಗಂಟೆ ಐವತ್ತು ನಿಮಿಷಕ್ಕೆ ಬಂಧನ ದಾಖಲಾಯಿತು. ಬಂಧನದಲ್ಲಿಟ್ಟ ಸ್ಥಳ: ಗಂಡನ ಮಂಚದ ಪಕ್ಕ. ಹಸುಗಳನ್ನು ಆಸ್ಲಾಕ್ ನೋಡಿಕೊಂಡ. ಸ್ಟೀನಾರ್ ಶನಿವಾರಗಳಂದು ಬಂದು, ಕಾಫಿ ಕುಡಿದು, ಆರೋಪಿ ಹಾಜರಿದ್ದಾರೆಂದು ಬರೆದುಕೊಂಡು ಹೋದ. ಒಮ್ಮೆ ಯೊರುನ್ ಕೀರ್ತನೆ ಓದುತ್ತಿದ್ದರು. ಇನ್ನೊಮ್ಮೆ, ಸೋಮವಾರ ಬರಬೇಡವೆಂದು ತಡೆದಿದ್ದ ಬಡಗಿ, ಈಗ ಯೊರುನ್ ಅವರೇ ಹೇಳಿಕಳಿಸಿದ್ದರಿಂದ ಬಂದು ಅಂಗಳದಲ್ಲಿ ಹಲಗೆ ಹೆರೆಯುತ್ತಿದ್ದ. ಆ ಸದ್ದಿಗೆ ಇಬ್ಬರೂ ಕೈ ಹಿಡಿದು ಕುಳಿತಿದ್ದರು.

ಏಪ್ರಿಲ್ 2ರಂದು, ಪೆಟ್ಟಿಗೆ ನೋಡಿದ ಮರುದಿನ, ತಾರ್ಯೆ ಯಜಮಾನರು ತೀರಿಕೊಂಡರು. ಸ್ಟೀನಾರ್ ಬಿಡುಗಡೆ ಬರೆದು ಕಡತ ಮುಚ್ಚಿದ. ವರ್ಷದ ರೊಟ್ಟಿ, ಚಳಿಗಾಲದ ಸೌದೆ, ಗಂಡನಿಗೆ ಉಡಿಸುವ ಬಿಳಿ ಅಂಗಿ, ಎಲ್ಲವನ್ನೂ ಯೊರುನ್ ಮುಂಚೆಯೇ ಸಿದ್ಧಮಾಡಿಟ್ಟಿದ್ದರು. ಅವರು ಮಾತ್ರ ಸಿದ್ಧರಾಗಿರಲಿಲ್ಲ. ಅದಕ್ಕೆಂದು ದೇವರು ಹತ್ತೊಂಬತ್ತು ದಿನ ಕೊಟ್ಟ.