ಬೆಚ್ಚಗಿದ್ದ ಬಾನೆಟ್

ಆ ಬೆಳಿಗ್ಗೆ ಹುಣಸೂರಿನಿಂದ ಗುರುಪುರದವರೆಗೂ ಮಂಜು. ಬೈಕಿನ ಹ್ಯಾಂಡಲ್ ಹಿಡಿದ ಬೆರಳುಗಳು ಮರಗಟ್ಟಿದ್ದವು. ಮೈಸೂರಿನ ಡಾಕ್ಟರು ಕೈಚೆಲ್ಲಿದ ಮೇಲೆ ನನ್ನ ತಮ್ಮ ಅರ್ಷದ್ ಜ್ವರದಲ್ಲೂ ಕೇಳುತ್ತಿದ್ದುದು ಒಂದೇ: ಇಟಲಿಯ ಹಳೆಯ ಎರಡು ಸೀಟಿನ ಕಾರಿನಲ್ಲಿ ಒಮ್ಮೆ ಕೂರಬೇಕು. ಬಡಗಿಯಾದ ನನ್ನ ಕೈಯಲ್ಲಿದ್ದದ್ದು ಎರಡು ಲಕ್ಷ. ವಿಚಾರಿಸಿದ ಮೂರು ಕಾರುಗಳಲ್ಲಿ ಅಷ್ಟಕ್ಕೆ ಎಟುಕಿದ್ದು ಗುರುಪುರದ ಹೊಗೆಸೊಪ್ಪಿನ ರೈತ ದೊಡ್ಡಮಾದಯ್ಯನವರದ್ದೊಂದೇ. ಹಿಂದಿನ ದಿನವೇ ಮುಂಗಡ ಕಳಿಸಿದ್ದೆ.

ಕಾರು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ನಿಂತಿತ್ತು. ಅಲ್ಲಿ ಒಲೆ ಉರಿದು ಮೂರು ತಿಂಗಳಾಗಿತ್ತು, ಗೋಡೆಗಳು ಕೊರೆಯುತ್ತಿದ್ದವು. ಹಳೆಯ ಗಾಡಿ ಕೊಳ್ಳುವವರು ಮೊದಲು ಬಾನೆಟ್ ಮುಟ್ಟಿ ನೋಡುತ್ತಾರೆ, ಅದು ತಣ್ಣಗಿರಬೇಕು; ಬಿಸಿ ಇಂಜಿನ್ ದೋಷ ಮುಚ್ಚಿಡುತ್ತದೆ. ನಾನೂ ಬಿಸ್ಮಿಲ್ಲಾ ಎಂದು ಮುಟ್ಟಿದೆ. ಬಿಸಿಯಿತ್ತು.

"ಏನ್ ಮಾದಯ್ನೋರೇ, ನಾನ್ ಬರೋಕ್ ಮುಂಚೆ ಸ್ಟಾರ್ಟ್ ಮಾಡಿ ಬಿಸಿ ಮಾಡ್ಬುಟ್ಟಿದ್ದೀರಾ? ಮುದುಕೀಗೆ ಪೌಡರ್ ಬಳ್ದಂಗೆ!"

"ಇಂಜಿನ್ನೇ ಇಲ್ಲ ಕಣ್ರೀ ಜಬ್ಬಾರಣ್ಣ, ಏನ್ ಸ್ಟಾರ್ಟ್ ಮಾಡ್ಲಿ? ತಮ್ಮಂಗೆ ಕೂರೋಕೆ ಅಂದ್ರಲ್ಲ, ಅದ್ಕೇ ಹೇಳ್ಲಿಲ್ಲ. ಎತ್ತಿ ನೋಡಿ."

ಎತ್ತಿದೆ. ಒಳಗೆ ಜೇಡರ ಬಲೆಯಷ್ಟೇ ಇತ್ತು. ಸೀಟು ಖಾಲಿಯಿದ್ದರೂ ಕಾರಿನ ಕಿಟಕಿಯ ಗಾಜಿಗೆ ಒಳಗಡೆಯಿಂದ ಉಸಿರು ಹಬೆಗಟ್ಟಿತ್ತು. ಬಾನೆಟ್ ಮುಚ್ಚಿ ಮತ್ತೆ ಕೈಯಿಟ್ಟೆ. ಅದು ತಗಡು ಕಾದ ಬಿಸಿಯಲ್ಲ. ರಾತ್ರಿಯೆಲ್ಲ ಅರ್ಷದನ ಹಣೆಯ ಮೇಲಿದ್ದ ಈ ಕೈಗೆ ಆ ಬಿಸಿ ಗೊತ್ತಿತ್ತು. ಮಾದಯ್ಯನವರೂ ಅಂಗೈ ಒತ್ತಿದರು. ನಮ್ಮಿಬ್ಬರ ಕೈ ಕೆಳಗೇ ಅದು ನಿಧಾನವಾಗಿ ಆರುತ್ತಾ ಆರುತ್ತಾ ಗೋಡೆಯಷ್ಟೇ ತಣ್ಣಗಾಯಿತು.

ಆಗ ಫೋನ್ ಬಂತು. ಅರ್ಷದನ ಬಳಿಯಿದ್ದ ತಂಗಿ ಶಾಜಿಯಾ "ಭಯ್ಯಾ" ಎಂದಷ್ಟೇ ಹೇಳಿ ಅತ್ತಳು.

ಮಾದಯ್ಯನವರು ಒಳಜೇಬಿನಿಂದ ನನ್ನ ಮುಂಗಡ ತೆಗೆದು ಅಂಗೈಯಲ್ಲಿಟ್ಟು, ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿದರು.